ಏನೇನು ತಿದ್ದಿದ್ದೀರಿ

ಮೊಣಕೈಯಲ್ಲಿ ಮಡಿಕೆ ಕಾಣಕೂಡದು ಎಂದು ಬಟ್ಟೆ ಕಂಪನಿಯವರು ಬರೆದು ಕಳಿಸಿದ್ದರು. ಹದಿನಾಲ್ಕು ಚಿತ್ರಗಳು. ಹದಿನಾಲ್ಕರಲ್ಲೂ ಅದೇ ಹುಡುಗಿ, ಒಮ್ಮೆ ಸೊಂಟದ ಮೇಲೆ ಕೈಯಿಟ್ಟು, ಒಮ್ಮೆ ಕುರ್ಚಿಯ ಬೆನ್ನಿನ ಮೇಲೆ ತೋಳು ಚಾಚಿ, ಒಮ್ಮೆ ಸುಮ್ಮನೆ ಕೈ ಇಳಿಬಿಟ್ಟು ನಿಂತಿದ್ದಳು. ಚಾಚಿದ ಕೈಯ ಮೊಣಕೈಯಲ್ಲಿ ಸುಕ್ಕು ಇಲ್ಲದಿದ್ದರೆ, ಅದೇ ಕೈ ಮಡಚುವಾಗ ಬೇಕಾಗುವ ಚರ್ಮ ಎಲ್ಲಿಂದ ಬರಬೇಕು ಎಂದು ಅವನು ಯೋಚಿಸಿದ. ಯೋಚಿಸಿದನೇ ಹೊರತು ಕೈ ನಿಲ್ಲಿಸಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಮೊಣಕೈಯನ್ನು ಅಂಗೈಯಗಲ ಹಿಗ್ಗಿಸಿಕೊಂಡು, ತೋಳಿನ ನುಣುಪಾದ ಜಾಗದಿಂದ ಚೂರು ಚೂರೇ ಚರ್ಮ ಎತ್ತಿ ತಂದು ಸುಕ್ಕಿನ ಮೇಲೆ ಹಚ್ಚುತ್ತಾ ಹೋದ. ಹನ್ನೊಂದು ವರ್ಷದಿಂದ ಇದೇ ಕೆಲಸ. ಸ್ಟುಡಿಯೋದಲ್ಲಿ ಅವನಿಗೆ ಇಸ್ತ್ರಿ ಎಂದು ಹೆಸರು ಬಿದ್ದಿತ್ತು. ಪಕ್ಕದ ಮೇಜಿನಲ್ಲಿ ಕೂತು ಚಿತ್ರಗಳ ಹಿನ್ನೆಲೆ ಕತ್ತರಿಸುವವನ ಹೆಸರು ಕತ್ತರಿ. ಇಬ್ಬರನ್ನೂ ಒಟ್ಟಿಗೆ ಕರೆಯಬೇಕಾದಾಗ ಮೇಲ್ವಿಚಾರಕಿ, ಅವಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು, "ಏನ್ರಪ್ಪಾ ದರ್ಜಿ ಅಂಗಡಿಯೋರೇ" ಎಂದು ಕೂಗುತ್ತಿದ್ದಳು. ಅವನೂ ಎಲ್ಲರ ಜೊತೆ ನಗುತ್ತಿದ್ದ. ಪರದೆಯ ಮೇಲಿನ ಈ ಹುಡುಗಿಯ ಬಲಗಡೆ ಕುತ್ತಿಗೆಯಲ್ಲಿ ಸಾಸಿವೆಯಷ್ಟು ಮಚ್ಚೆ, ಎಡ ಹುಬ್ಬಿನಲ್ಲಿ ಕೂದಲು ಬರದ ಒಂದು ಗೀರು, ಮೇಲ್ದುಟಿಯ ಮೇಲೆ ಬಾಲ್ಯದ ಯಾವುದೋ ಸೂಜಿಮೊನೆಯಂಥ ಗಾಯ ಇರುವುದು ಅವನಿಗೆ ಬಾಯಿಪಾಠವಾಗಿತ್ತು. ಎಷ್ಟೋ ಸಲ ಅಳಿಸಿದ್ದ. ಹೋದ ವರ್ಷ ಯಾವುದೋ ಕೆಲಸಕ್ಕೆ ಸ್ಟುಡಿಯೋಗೆ ಬಂದವಳು ಅವನ ಕುರ್ಚಿಯ ಹಿಂದೆ ನಿಂತು, ನನ್ನ ಅಮ್ಮನಿಗೆ ಕಳಿಸೋದಕ್ಕೆ ಒಂದು ಫೋಟೋ ಕೊಡ್ತೀರಾ ಎಂದಿದ್ದಳು. ಯಾವುದು ಕೊಡಲಿ, ಮುಂಚಿನದೋ ಆಮೇಲಿನದೋ ಎಂದು ಕೇಳಿದ್ದಕ್ಕೆ, "ಆಮೇಲಿಂದೇ ಕೊಡಿ. ಅಮ್ಮ ನನ್ನನ್ನ ಹತ್ತಿರದಿಂದ ನೋಡಿ ಬಹಳ ದಿನ ಆಯ್ತು" ಎಂದಿದ್ದಳು. ಆಗ ಅವನು ತಿರುಗಿ ಅವಳ ಹುಬ್ಬನ್ನು ನೋಡಿದ್ದ. ಗೀರು ಅಲ್ಲೇ ಇತ್ತು. ತಾನು ಸರಿಯಾಗಿ ಕೆಲಸ ಮಾಡಿಲ್ಲವೇನೋ ಅನ್ನುವಂಥ ಒಂದು ಮುಜುಗರ ಆ ಕ್ಷಣ ಅವನಿಗಾಗಿತ್ತು.

ಐದನೆಯ ಮೊಣಕೈಗೆ ಬಂದಾಗ ಫೋನ್ ಅದುರಿತು. ಹೆಂಡತಿ.

"ಈ ಫೋಟೋಲಿರೋದು ನಾನಲ್ವಂತೆ," ಅಂದಳು.

ಹಿಂದೆ ಯಾರೋ ಕೆಮ್ಮುತ್ತಿದ್ದರು, ಯಾರದೋ ಸರದಿಯ ಸಂಖ್ಯೆ ಕೂಗುತ್ತಿದ್ದರು. ಅವಳು ಬೆಳಿಗ್ಗೆಯೇ ಲೈಸೆನ್ಸ್ ಆಫೀಸಿಗೆ ಹೋಗಿದ್ದಳು. ಒಂಬತ್ತು ವರ್ಷ ಊರೊಳಗಿನ ಬಸ್ಸು ಓಡಿಸಿದವಳು ಅವಳು. ಎರಡು ವರ್ಷದ ಹಿಂದೆ ಎಡ ಕಿವಿಯ ಕೆಳಗೆ ಒಂದು ಗಂಟು ಎದ್ದು, ಅದನ್ನು ತೆಗೆಯುವಾಗ ಮುಖದ ನರಕ್ಕೆ ಪೆಟ್ಟಾಗಿ, ಬಾಯಿಯ ಎಡ ಮೂಲೆ ಸ್ವಲ್ಪ ಕೆಳಗೆ ಜಾರಿ ಅಲ್ಲೇ ನಿಂತುಬಿಟ್ಟಿತ್ತು. ಎರಡು ವರ್ಷ ಮನೆಯಲ್ಲಿ ಕೂತದ್ದಾಯಿತು. ಈಗ ಕಣ್ಣು ಸರಿಯಿದೆ, ಕೈಕಾಲು ಗಟ್ಟಿಯಿದೆ, ಬಸ್ಸು ಓಡಿಸಬಹುದು ಎಂದು ವೈದ್ಯರು ಬರೆದುಕೊಟ್ಟಿದ್ದರು. ಹೊಸ ಲೈಸೆನ್ಸ್ ತೆಗೆದುಕೊಂಡು ಈ ದಿನ ನಾಲ್ಕು ಗಂಟೆಯೊಳಗೆ ಡಿಪೋಗೆ ಬಂದರೆ ಕೆಲಸ, ಬರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಎಂದು ಡಿಪೋದವರು ಹೇಳಿದ್ದರು. ಅರ್ಜಿಗೆ ಬೇಕಾದ ಫೋಟೋವನ್ನು ಅವನೇ ಒಂದು ಭಾನುವಾರ ಮನೆಯ ಬಿಳಿಗೋಡೆಯ ಮುಂದೆ ನಿಲ್ಲಿಸಿ ತೆಗೆದು, ಅವನೇ ಕಳಿಸಿದ್ದ.

"ಬೆಳಕು ಸ್ವಲ್ಪ ಸರಿ ಮಾಡಿದ್ದೆ, ಅಷ್ಟೆ," ಎಂದ.

"ಬೆಳಕಾ?"

ಕತ್ತರಿ ಈ ಕಡೆ ಕಿವಿ ಕೊಟ್ಟಿದ್ದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು.

"ಸರಿ ಬಿಡು. ಸರಿ ಮಾಡೋಕೆ ಮುಂಚೆ ಇದ್ದದ್ದನ್ನ ಈಗಲೇ ಕಳಿಸಿಬಿಡು. ಅಷ್ಟು ಸಾಕಂತೆ. ಇಲ್ಲಿ ನನ್ನ ಹಿಂದೆ ಇಪ್ಪತ್ತು ಜನ ನಿಂತಿದಾರೆ."

"ಹುಡುಕಿ ಕಳಿಸ್ತೀನಿ," ಎಂದು ಫೋನಿಟ್ಟ. ಹುಡುಕುವುದಕ್ಕೆ ಏನೂ ಇರಲಿಲ್ಲ, ಅದು ಅವನಿಗೆ ಗೊತ್ತಿತ್ತು. ಮೂಲಚಿತ್ರವನ್ನು ಮುಟ್ಟಬಾರದು, ನಕಲು ಮಾಡಿಕೊಂಡು ನಕಲಿನ ಮೇಲೆ ಕೆಲಸ ಮಾಡಬೇಕು ಅನ್ನುವುದು ಈ ವೃತ್ತಿಯ ಮೊದಲನೆಯ ಪಾಠ. ಹೊಸದಾಗಿ ಬಂದವರಿಗೆ ಅವನೇ ಅದನ್ನು ಹೇಳಿಕೊಡುತ್ತಿದ್ದ. ಮೊಣಕೈಯ ಈ ಹುಡುಗಿಯ ಪ್ರತಿಯೊಂದು ಮಚ್ಚೆ, ಪ್ರತಿಯೊಂದು ಸುಕ್ಕು ಏಳು ವರ್ಷ ಭದ್ರವಾಗಿರಬೇಕೆಂದು ಕರಾರಿತ್ತು. ಎರಡು ಕಡೆ ಇಟ್ಟಿದ್ದರು, ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯುವ ಹಾಗೆ. ಹೆಂಡತಿಯ ಫೋಟೋ ಮಾತ್ರ ಅವನು ನೇರವಾಗಿ ಮೂಲದ ಮೇಲೆಯೇ ತಿದ್ದಿ, ಉಳಿಸು ಅನ್ನುವುದನ್ನು ಒತ್ತಿ, ಮುಚ್ಚಿಬಿಟ್ಟಿದ್ದ. ಯಾಕೆ ಎಂದು ಆಗ ಕೇಳಿಕೊಂಡಿರಲಿಲ್ಲ. ಮನೆಯದೇ ಕೆಲಸವಲ್ಲವೇ, ಇದಕ್ಕೆಲ್ಲ ಅಷ್ಟು ಶಿಸ್ತೇಕೆ. ಈಗ ಫೋನಿನಲ್ಲಿ ಎರಡು ವರ್ಷದ ಫೋಟೋಗಳನ್ನೆಲ್ಲ ಹಿಂದಕ್ಕೆ ಸರಿಸುತ್ತಾ ಹೋದ. ತಂಗಿಯ ಮನೆಯ ಮೆಟ್ಟಿಲ ಮೇಲೆ ಕೂತದ್ದು: ತಿದ್ದಿದ್ದು. ಕೊಳದ ಕಟ್ಟೆಯ ಬಳಿ ನಿಂತದ್ದು: ತಿದ್ದಿದ್ದು. ಮಾವನವರ ಪಕ್ಕ ಸೋಫಾದಲ್ಲಿ: ಇದರಲ್ಲಿ ಅವಳೇ ಕೆನ್ನೆಗೆ ಅಂಗೈ ಊರಿಕೊಂಡಿದ್ದಳು. ಅಡುಗೆಮನೆಯ ಕಿಟಕಿಯ ಹತ್ತಿರ, ಬಲಮಗ್ಗುಲಿಂದ. ಆ ಕಡೆಯಿಂದ ತೆಗೆಯಲು ತಾನು ಗ್ಯಾಸಿನ ಒಲೆಗೂ ಗೋಡೆಗೂ ನಡುವೆ ನುಸುಳಿ ನಿಂತದ್ದು ನೆನಪಾಯಿತು. ಎರಡು ವರ್ಷದಲ್ಲಿ ಅವಳ ಈಗಿನ ಮುಖ ಒಂದೇ ಒಂದು ಫೋಟೋದಲ್ಲೂ ಇರಲಿಲ್ಲ. ಅವಳು ಮನೆಯಲ್ಲಿ ಓಡಾಡುತ್ತಿದ್ದಳು, ಉಣ್ಣುತ್ತಿದ್ದಳು, ಅವನ ಜೊತೆ ಜಗಳವಾಡುತ್ತಿದ್ದಳು, ಆದರೆ ಎಲ್ಲೂ ದಾಖಲಾಗಿರಲಿಲ್ಲ.

ಫೋನ್ ಮತ್ತೆ ಅದುರಿತು. "ಸಿಕ್ತಾ?" ಅಷ್ಟೇ ಬರೆದಿದ್ದಳು. ಆಗ ಅವನಿಗೆ ಹೊಳೆದದ್ದು ಹೊಳೆಯಬಾರದಾಗಿತ್ತು. ಹುಡುಗಿಯ ಮೊಣಕೈಯನ್ನು ಪಕ್ಕಕ್ಕೆ ಸರಿಸಿ, ಅರ್ಜಿಗೆ ಕಳಿಸಿದ ಫೋಟೋವನ್ನು ಪರದೆಯ ಮೇಲೆ ತೆರೆದ. ಅಳಿಸಿದವನಿಗೆ ಬರೆಯುವುದೇನು ಕಷ್ಟ. ಬಾಯಿಯ ಎಡ ಮೂಲೆಯನ್ನು ಹಿಡಿದು ಕೆಳಕ್ಕೆ ಎಳೆದ. ಜಾಸ್ತಿಯಾಯಿತು. ಸ್ವಲ್ಪ ಮೇಲಕ್ಕೆತ್ತಿದ. ಅವಳು ಮಾತಾಡದೆ ಇದ್ದಾಗ ಎಷ್ಟು ಇಳಿದಿರುತ್ತದೆ? ಮೂಗಿನ ಪಕ್ಕದ ಗೆರೆ ಎಡಗಡೆ ಅಳಿಸಿಹೋದ ಹಾಗಿರುತ್ತದೋ ಅಥವಾ ಅದು ಬಲಗಡೆಗಿಂತ ಆಳವೋ? ಗಾಯದ ಗುರುತಿಗೆ ಬಂದ. ಕಿವಿಯಿಂದ ಕುತ್ತಿಗೆಗೆ ಇಳಿಯುತ್ತದೆ, ಅದು ಗೊತ್ತು. ಎಲ್ಲಿ ತಿರುಗುತ್ತದೆ, ಎಲ್ಲಿಗೆ ನಿಲ್ಲುತ್ತದೆ? ಬಣ್ಣ ಕೆಂಪೋ, ಬಿಳಿಯೋ? ಕಣ್ಣು ಮುಚ್ಚಿ ನೆನೆಸಿಕೊಳ್ಳಲು ನೋಡಿದ. ಬಂದದ್ದು ಅವಳ ಹಣೆ. ಹಣೆ, ಹುಬ್ಬು, ಬೈತಲೆಯ ಬಳಿಯ ನಾಲ್ಕು ನರೆಗೂದಲು. ಆಸ್ಪತ್ರೆಯಿಂದ ಬಂದ ಹತ್ತನೆಯ ದಿನ ಪಟ್ಟಿ ಬಿಚ್ಚಿ ಅವಳು ಅವನ ಮುಂದೆ ನಿಂತು "ಹೇಗಿದೆ, ನಿಜ ಹೇಳು" ಎಂದು ಕೇಳಿದ್ದಳು. "ಏನೂ ಗೊತ್ತೇ ಆಗಲ್ಲ" ಎಂದು ಅವನು ಅವಳ ಹುಬ್ಬುಗಳ ನಡುವೆ ನೋಡುತ್ತಾ ಹೇಳಿದ್ದ. ಅಲ್ಲಿಂದ ಈಚೆಗೆ ಎರಡು ವರ್ಷ ಅವನು ಅವಳ ಹುಬ್ಬುಗಳ ಜೊತೆಗೇ ಮಾತಾಡಿಕೊಂಡು ಬಂದಿದ್ದ.

"ಯಾರೋ ಇದು?" ಕತ್ತರಿ ಕುರ್ಚಿ ಉರುಳಿಸಿಕೊಂಡು ಹತ್ತಿರ ಬಂದಿದ್ದ. "ಚೆನ್ನಾಗೇ ಇದ್ದಾಳಲ್ಲ. ಯಾಕೆ ಹಾಳು ಮಾಡ್ತಿದೀಯಾ?"

"ಏನಿಲ್ಲ. ನಿನ್ನ ಕೆಲಸ ನೋಡ್ಕೊ."

ಕಿವಿಯ ಮುಂದಿನಿಂದ ಒಂದು ಗೆರೆ ಎಳೆದು, ಅದಕ್ಕೆ ತಿಳಿಗೆಂಪು ತುಂಬಿ, ಅಂಚನ್ನು ಮಸುಕು ಮಾಡಿದ. ಕೆಲಸ ಚೆನ್ನಾಗಿತ್ತು. ಯಾರಿಗೂ ಅನುಮಾನ ಬರುವಂತಿರಲಿಲ್ಲ. ಎರಡು ವರ್ಷದ ಕಾಲ ಇಲ್ಲವೆಂದು ಹೇಳಿಕೊಂಡು ಬಂದ ಗಾಯವನ್ನು ಆರು ನಿಮಿಷದಲ್ಲಿ ತಯಾರು ಮಾಡಿ ಅವನು ಹೆಂಡತಿಗೆ ಕಳಿಸಿದ. ಕಳಿಸಿ, ಮೊಣಕೈ ತೆರೆದುಕೊಂಡು, ಮುಟ್ಟದೆ ಕೂತ.

ಉತ್ತರ ಬರಲು ಹೆಚ್ಚು ಹೊತ್ತಾಗಲಿಲ್ಲ. "ಗಾಯ ಕಿವಿ ಹಿಂದಿಂದ ಶುರುವಾಗತ್ತೆ. ಮುಂದಿಂದಲ್ಲ. ನೀನೇ ಬಾ."

ಅಕ್ಕನ ಹತ್ತಿರ ಎರಡು ಗಂಟೆ ಬಿಡುವು ಕೇಳುವುದು ಅವನಿಗೆ ಹಲ್ಲು ಕೀಳಿಸಿಕೊಂಡ ಹಾಗಾಯಿತು. ಮೊಣಕೈಗಳು ಸಂಜೆ ಐದಕ್ಕೆ ಹೋಗಬೇಕಲ್ಲಪ್ಪಾ ಎಂದಳು. ಬಂದು ಮುಗಿಸುತ್ತೇನೆ ಎಂದ. ಏನಂಥ ಅವಸರ ಎಂದು ಕೇಳಿದಳು. ಅವನು ಏನೋ ಕಾಗದಪತ್ರದ ತೊಂದರೆ ಅನ್ನುವಷ್ಟರಲ್ಲಿ, ಫೋನಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಕತ್ತರಿ ಹಿಂದಿನಿಂದ, "ಅಕ್ಕಾ, ಲೈಸೆನ್ಸ್ ಫೋಟೋಗೂ ಇಸ್ತ್ರಿ ಹಾಕಿಬಿಟ್ಟಿದಾನೆ. ಹೆಂಡತಿ ಗುರುತೇ ಸಿಗ್ತಿಲ್ಲವಂತೆ" ಎಂದ. ಕೋಣೆಯಲ್ಲಿದ್ದ ಆರೂ ಜನ ನಕ್ಕರು. ಕೆಟ್ಟ ನಗುವೇನಲ್ಲ, ಎಲ್ಲರೂ ಅವರವರ ಮನೆಯಲ್ಲಿ ಮಾಡುವುದೇ ಅದು. ಅಕ್ಕ ಮಾತ್ರ ನಗದೆ ಅವನ ಮುಖ ನೋಡಿ, "ಹೋಗಿ ಬಾ" ಎಂದಳು. ಆ ಮೆದು ದನಿ ನಗುವಿಗಿಂತ ಹೆಚ್ಚು ಚುಚ್ಚಿತು.

ಲೈಸೆನ್ಸ್ ಆಫೀಸಿನ ಹಾಲ್‌ನಲ್ಲಿ ಗೋಡೆಯುದ್ದಕ್ಕೂ ಕಬ್ಬಿಣದ ಕುರ್ಚಿಗಳು, ಒಂದಕ್ಕೊಂದು ಬೆಸೆದವು. ಒಬ್ಬರು ಎದ್ದರೆ ಸಾಲೆಲ್ಲ ನಡುಗುತ್ತಿತ್ತು. ಅವಳು ಮೂರನೆಯ ಸಾಲಿನ ಕೊನೆಯಲ್ಲಿ ಕೂತಿದ್ದಳು, ಹಳೆಯ ಖಾಕಿ ಅಂಗಿ ಹಾಕಿಕೊಂಡು. ಡಿಪೋಗೆ ನೇರವಾಗಿ ಹೋಗುವವಳಲ್ಲವೇ. ಕುತ್ತಿಗೆಗೆ ಏನೂ ಸುತ್ತಿಕೊಂಡಿರಲಿಲ್ಲ. ಅವನು ಬಂದು ಪಕ್ಕ ನಿಂತಾಗ ತಲೆಯೆತ್ತದೆ, "ನಾಲ್ಕನೇ ಕೌಂಟರು. ಎರಡು ಸಲ ಕರೆದರು. ನೀನು ಈಗ ಕಳಿಸಿದ್ದನ್ನೂ ನೋಡಿದರು" ಎಂದಳು. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವನಿಗನ್ನಿಸಿತು. ಬೈಗುಳಕ್ಕೆ ಅವನ ಹತ್ತಿರ ಉತ್ತರಗಳಿದ್ದವು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ನಿನಗೆ ಬೇಜಾರಾಗಬಾರದು ಅಂತ. ಡಿಪೋದವರು ಫೋಟೋ ನೋಡಿ ಹಿಂದೆಮುಂದೆ ನೋಡಬಾರದು ಅಂತ.

ಕೌಂಟರಿನಲ್ಲಿ ಕೂತ ಗುಮಾಸ್ತೆ ನಿವೃತ್ತಿಯ ಅಂಚಿನ ಹೆಂಗಸು, ಕನ್ನಡಕವನ್ನು ದಾರ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿದ್ದಳು. ಅದನ್ನು ಏರಿಸಿಕೊಂಡು ಅವನನ್ನೊಮ್ಮೆ ನೋಡಿದಳು.

"ಫೋಟೋ ತೆಗೆದೋರು ನೀವೇನಾ?"

"ಹೌದು ಮೇಡಂ."

"ಗಾಯ ಬರೆದು ಕಳಿಸಿದೋರೂ ನೀವೇನಾ?"

ಹಿಂದೆ ಸಾಲಿನಲ್ಲಿದ್ದ ಲಾರಿಯವನೊಬ್ಬ ಕತ್ತು ಉದ್ದ ಮಾಡಿ ನೋಡಿದ.

"ನಮ್ಮ ಮನೆಯೋರು. ಅವರ ಕೆಲಸವೇ ಅದು," ಎಂದಳು ಹೆಂಡತಿ. ಪರಿಚಯ ಮಾಡಿಕೊಡುವ ದನಿ.

ಗುಮಾಸ್ತೆ ಮೇಜಿನ ಮೇಲೆ ಎರಡು ಕಾಗದ ಇಟ್ಟಳು. ಒಂದು ಅರ್ಜಿಯ ಜೊತೆ ಅವನು ಕಳಿಸಿದ್ದ ಫೋಟೋದ ಅಚ್ಚು. ಇನ್ನೊಂದು ಹನ್ನೊಂದು ವರ್ಷದ ಹಿಂದಿನ ಹಳೆಯ ಲೈಸೆನ್ಸ್. "ನಾನು ಮೊದಲು ಏನಂದ್ಕೊಂಡೆ ಅಂದ್ರೆ, ಕಾಯಿಲೆಗೆ ಮುಂಚಿನ ಫೋಟೋ ಹಾಕಿದಾರೆ, ಪಾಪ, ಆಸೆ ಇರತ್ತೆ. ಆದ್ರೆ ನೋಡಿ, ಹಳೇದಕ್ಕೂ ಇದಕ್ಕೂ ತಾಳೆ ಆಗಲ್ಲ. ಈಗಿನ ಮುಖಕ್ಕೂ ಆಗಲ್ಲ. ಮತ್ತೆ ಇವರು ಯಾರು ಹೇಳಿ?" ಅವನು ಬಗ್ಗಿ ನೋಡಿದ. ಹಳೆಯ ಲೈಸೆನ್ಸಿನಲ್ಲಿ ಅವಳ ಬಾಯಿ ಒಂದು ಕಡೆಗೆ ಓರೆಯಾಗಿತ್ತು. ಕಾಯಿಲೆಗೆ ಎಷ್ಟೋ ವರ್ಷ ಮುಂಚೆಯೇ. ಫೋಟೋ ತೆಗೆಯುವವನು ಏನೋ ಹೇಳಿದ್ದನ್ನು ಒಂದೇ ತುಟಿಯಂಚಿನಲ್ಲಿ ಗೇಲಿ ಮಾಡುತ್ತಿರುವಂತೆ. ಅವಳು ಮೊದಲಿನಿಂದಲೂ ಹಾಗೆಯೇ ನಗುತ್ತಿದ್ದಳು, ಒಂದೇ ಕಡೆಯಿಂದ. ಆ ನಗುವಿಗೇ ಅಲ್ಲವೇ ಅವನು ಮರುಳಾಗಿದ್ದು, ಅವಳ ಬಸ್ಸಿನಲ್ಲಿ ತನ್ನ ನಿಲ್ದಾಣ ಬಂದರೂ ಇಳಿಯದೆ ಕೂತಿರುತ್ತಿದ್ದದ್ದು. ಪಕ್ಕದ ಅಚ್ಚಿನಲ್ಲಿ ಬಾಯಿಯ ಎರಡು ಮೂಲೆಗಳೂ ಅಳತೆಪಟ್ಟಿ ಇಟ್ಟಂತೆ ಸಮ. ಬಲ ಮೂಲೆಯನ್ನು ಎತ್ತಿ ಮಗುಚಿ ಎಡಕ್ಕೆ ಕೂರಿಸಿದ್ದ. ಅದು ಕಾಯಿಲೆಗೆ ಮುಂಚಿನ ಹೆಂಡತಿ ಎಂದು ಅವನು ನಂಬಿಕೊಂಡಿದ್ದ. ಅವಳನ್ನು ಹೀಗೆ ಎಂದೂ ಯಾರೂ ನೋಡಿರಲಿಲ್ಲ.

"ಹೊಸ ಫೋಟೋ ಇಲ್ಲೇ ತೆಗಿತೀವಿ. ಆದ್ರೆ ಅರ್ಜೀಲಿ ಒಂದ್ಸಲ ಸುಳ್ಳು ಫೋಟೋ ಬಂದದ್ದಕ್ಕೆ ಕಡತದಲ್ಲಿ ಕಾರಣ ಬೇಕು," ಗುಮಾಸ್ತೆ ಒಂದು ಬಿಳಿಹಾಳೆ ಅವನ ಮುಂದೆ ತಳ್ಳಿದಳು. "ಏನೇನು ತಿದ್ದಿದ್ದೀರಿ ಅಂತ ಬರೆದು ಸಹಿ ಹಾಕಿ. ಒಂದೂ ಬಿಡಬೇಡಿ. ಅಲ್ಲಿ ಪಕ್ಕದ ಮೇಜಿನ ಮೇಲೆ ಕೂತು ಬರೀರಿ."

ಮೇಜಿನ ಮೇಲೆ ಪೆನ್ನನ್ನು ಸರಪಳಿಗೆ ಕಟ್ಟಿದ್ದರು. ಸರಪಳಿ ಗಿಡ್ಡವಾಗಿದ್ದರಿಂದ ಹಾಳೆಯನ್ನೇ ಪೆನ್ನಿನ ಹತ್ತಿರಕ್ಕೆ ಎಳೆದುಕೊಳ್ಳಬೇಕಾಯಿತು. ಕೈಬರಹ ಬಿಟ್ಟು ವರ್ಷಗಳಾಗಿದ್ದವು. ಅವಳು ಬಂದು ಎದುರಿಗೆ ಕೂತು, ಹಾಳೆಯನ್ನು ತಲೆಕೆಳಗಾಗಿಯೇ ಓದುತ್ತಿದ್ದಳು. ಎಡ ಕಿವಿಯ ಹಿಂದಿನಿಂದ ಕುತ್ತಿಗೆಯವರೆಗೆ ಇರುವ ಗಾಯದ ಗುರುತನ್ನು ಅಳಿಸಿದ್ದೇನೆ ಎಂದು ಬರೆದ. ಬಾಯಿಯ ಎಡ ಮೂಲೆಯನ್ನು ಮೇಲಕ್ಕೆತ್ತಿದ್ದೇನೆ ಎಂದು ಬರೆದ. ಪೆನ್ನು ಕೆಳಗಿಟ್ಟ.

"ಕಣ್ಣಿನ ಕೆಳಗೆ?" ಎಂದಳು ಅವಳು.

ಅವನು ಪೆನ್ನು ಎತ್ತಿಕೊಂಡ. ಕಣ್ಣಿನ ಕೆಳಗಿನ ಕಪ್ಪನ್ನು ತೆಗೆದಿದ್ದೇನೆ.

"ಕತ್ತು?"

"ಕತ್ತು... ಸ್ವಲ್ಪ."

"ಸ್ವಲ್ಪ ಏನು?"

"ಸಣ್ಣ ಮಾಡಿದೀನಿ."

"ಬರಿ." ಅವನು ಬರೆದ. ಅವಳು ಹಾಳೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. "ಬಣ್ಣ? ಅಚ್ಚಲ್ಲಿ ನಾನು ನಿನ್ನ ತಂಗಿ ಥರ ಬೆಳ್ಳಗಿದೀನಿ."

"ಅದು ಬೆಳಕು ಸರಿಮಾಡುವಾಗ..."

"ಬರಿ."

ಮೈಬಣ್ಣವನ್ನು ತಿಳಿಗೊಳಿಸಿದ್ದೇನೆ ಎಂದು ಬರೆಯುವಾಗ ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಕಿಟಕಿಯಾಚೆ ಯಾರೋ ಪರೀಕ್ಷೆಗೆಂದು ಸ್ಕೂಟರನ್ನು ಎಂಟರ ಆಕಾರದಲ್ಲಿ ಓಡಿಸುತ್ತಾ ಮತ್ತೆ ಮತ್ತೆ ಕಾಲು ನೆಲಕ್ಕೆ ತಾಗಿಸುತ್ತಿದ್ದರು. ಗಾಯದ ಮಾತು ಬೇರೆ, ಬಾಯಿಯ ಮಾತು ಬೇರೆ. ಅವಕ್ಕೆ ಅವನು ಕರುಣೆ ಎಂದು ಹೆಸರಿಟ್ಟುಕೊಂಡಿದ್ದ, ಮತ್ತು ಆ ಹೆಸರಿನಡಿ ಎರಡು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದ. ಈ ಕತ್ತಿಗೆ, ಈ ಬಣ್ಣಕ್ಕೆ ಏನೆಂದು ಹೆಸರಿಡುವುದು?

"ಕತ್ತು ಆಪರೇಷನ್‌ನಿಂದ ದಪ್ಪ ಆಗಿದ್ದಲ್ಲ," ಎಂದಳು ಅವಳು. ದನಿ ಎತ್ತರಿಸಿರಲಿಲ್ಲ. "ಬಣ್ಣ ಆಪರೇಷನ್‌ನಿಂದ ಬಂದಿದ್ದಲ್ಲ. ಮದುವೆ ದಿನವೂ ಇದೇ ಬಣ್ಣ ಇತ್ತು."

"ನಾನು ಬೇಕು ಅಂತ ಮಾಡಿಲ್ಲ ಕಣೇ. ಕೈ ತಾನೇ ಹೋಗತ್ತೆ. ದಿನಾ ಮಾಡಿ ಮಾಡಿ."

"ಗೊತ್ತು."

"ನಿನಗೆ ಬೇಜಾರಾಗಬಾರದು ಅಂತ..."

"ಮೂಗು ಬಿಟ್ಟಿದೀಯಲ್ಲ. ಅದು ಚೆನ್ನಾಗಿತ್ತು ಅನ್ಸತ್ತೆ."

ಅವಳು ತಮಾಷೆಗೆ ಹೇಳಿದ್ದಳೋ ಏನೋ. ಆ ತಮಾಷೆಗೆ ನಕ್ಕುಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನು ಸರಪಳಿ ಎಳೆದುಕೊಂಡು, ಆರನೆಯದಾಗಿ, ಮೂಗಿನ ಹೊರಳೆಗಳನ್ನು ಕಿರಿದಾಗಿಸಿದ್ದೇನೆ ಎಂದು ಬರೆದ. ಅವಳು ಓದಿದಳು. ಕೈ ತಾನಾಗಿ ಮೂಗಿನ ಹತ್ತಿರ ಹೋಗಿ, ಮುಟ್ಟದೆ, ಮಡಿಲಿಗೆ ವಾಪಸು ಬಂತು. ಅವಳಿಗೆ ಗಾಯ ಗೊತ್ತಿತ್ತು, ಬಾಯಿ ಗೊತ್ತಿತ್ತು, ಆ ಎರಡರ ಜೊತೆ ಕನ್ನಡಿಯ ಮುಂದೆ ಹೇಗೋ ರಾಜಿಯಾಗಿದ್ದಳು. ಮೂಗಿನ ಸುದ್ದಿ ಅವಳಿಗೆ ಈಗ ತಿಳಿದದ್ದು.

ಸಹಿ ಹಾಕಿದ. ಗುಮಾಸ್ತೆ ಓದಿಕೊಂಡು, ಎರಡನೆಯ ಸಲ ಓದಿ, ಅವನ ಕಡೆ ನೋಡದೆ ಕಡತಕ್ಕೆ ಸೇರಿಸಿದಳು. ಹೆಂಡತಿಯನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ಕೂದಲು ಕಿವಿಯ ಹಿಂದೆ ಸರಿಸಿಕೊಳ್ಳಿ, ಗಲ್ಲ ನೇರ ಇರಲಿ, ಇಲ್ಲಿ ನೋಡಿ ಎಂದಳು. ಬೆಳಕು ಮಿಂಚಿತು. ಕೌಂಟರಿನ ಪರದೆ ಹೊರಗಿನವರಿಗೂ ಕಾಣುವ ಹಾಗೆ ಅರ್ಧ ತಿರುಗಿತ್ತು. ಅದರ ಮೇಲೆ ಹೆಂಡತಿಯ ಮುಖ ಮೂಡಿತು. ಚಪ್ಪಟೆ ಬೆಳಕು, ಕೆಟ್ಟ ಕ್ಯಾಮೆರಾ, ಮರೆಮಾಚಲು ಏನೂ ಇಲ್ಲ. ಗಾಯ ಅವನಂದುಕೊಂಡದ್ದಕ್ಕಿಂತ ತೆಳುವಾಗಿತ್ತು, ಮತ್ತು ಉದ್ದವಾಗಿತ್ತು. ಎಡಗಣ್ಣು ಬಲಗಣ್ಣಿಗಿಂತ ಹೆಚ್ಚು ತೆರೆದು ಬೆರಗಾದ ಹಾಗಿತ್ತು. ಇದನ್ನು ಅವನು ಎರಡು ವರ್ಷದಲ್ಲಿ ಗಮನಿಸಿಯೇ ಇರಲಿಲ್ಲ. ನೋಡುತ್ತಾ ನಿಂತ. ನಾನು ನೋಡುತ್ತಿದ್ದೇನೆ, ಈಗ ನಿಜವಾಗಿ ನೋಡುತ್ತಿದ್ದೇನೆ ಎಂದು ಅವನಿಗೆ ಎದೆ ತುಂಬಿ ಬಂದಂತಾಯಿತು.

"ಕೈ ಜೇಬಲ್ಲಿ ಇಟ್ಕೊ," ಎಂದಳು ಪಕ್ಕದಲ್ಲಿ ಬಂದು ನಿಂತ ಹೆಂಡತಿ, ಅವನಿಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ.

ಅವನು ಕೆಳಗೆ ನೋಡಿದ. ಕೌಂಟರಿನ ಕಲ್ಲಿನ ಮೇಲೆ ಅವನ ಬಲಗೈ ಮೌಸ್ ಹಿಡಿದ ಹಾಗೆ ಅರ್ಧ ಮುಷ್ಟಿ ಕಟ್ಟಿಕೊಂಡು ಸಣ್ಣ ಸಣ್ಣ ಸುತ್ತು ಹಾಕುತ್ತಿತ್ತು, ತೋರುಬೆರಳು ಏಳುತ್ತಾ ಬೀಳುತ್ತಾ ಇತ್ತು. ಅದು ಕಣ್ಣಿನ ಕೆಳಗಿನ ಕಪ್ಪನ್ನು ಆಗಲೇ ಮುಗಿಸಿ ಬಾಯಿಯ ಕಡೆಗೆ ಹೊರಟಿತ್ತು. ಕೈಯನ್ನು ಬೇರೆಯವರದೇನೋ ಎಂಬಂತೆ ಎತ್ತಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಜೇಬಿನೊಳಗೆ ಅದು ಬೆಚ್ಚಗೆ ಬೆವರಿತು.

ಎರಡೂವರೆಗೆ ಲೈಸೆನ್ಸ್ ಸಿಕ್ಕಿತು. ಅವಳು ಅದನ್ನು ಅವನಿಗೆ ತೋರಿಸದೆ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು. ನಾನೂ ಡಿಪೋ ತನಕ ಬರುತ್ತೇನೆ ಎಂದ. "ಬೇಡ. ನಿನಗೆ ಮೊಣಕೈ ಇದೆಯಲ್ಲ," ಎಂದಳು. ಬೆಳಿಗ್ಗೆ ತಿಂಡಿ ತಿನ್ನುವಾಗ ಅವನೇ ಹೇಳಿದ್ದ, ಇವತ್ತು ಬರೀ ಮೊಣಕೈ ಎಂದು. ರಸ್ತೆ ದಾಟಿ ಅವಳು ಒಂದು ಸಲವೂ ಹಿಂದಕ್ಕೆ ತಿರುಗದೆ ಹೋದದ್ದನ್ನು ನೋಡಿಕೊಂಡು ನಿಂತು, ಅವನು ಸ್ಟುಡಿಯೋಗೆ ಹಿಂತಿರುಗಿದ. ಇನ್ನು ಈ ಕೆಲಸ ಕೈಗೆ ಬರಲಾರದು ಎಂದು ದಾರಿಯಲ್ಲಿ ಅನ್ನಿಸಿತು. ಹಾಗೆ ಅನ್ನಿಸಿದ್ದು ಒಂದು ಬಗೆಯ ಸಮಾಧಾನವನ್ನೂ ಕೊಟ್ಟಿತು. ಕೂತು, ಐದನೆಯ ಚಿತ್ರ ತೆರೆದ. ಕೈಗೆ ಬಂತು. ಎಂದಿಗಿಂತ ಚೆನ್ನಾಗಿ ಬಂತು. ಐದಕ್ಕೆ ಹತ್ತು ನಿಮಿಷ ಇರುವಾಗಲೇ ಹದಿನಾಲ್ಕೂ ಮುಗಿದವು. ಒಂದೊಂದು ಮೊಣಕೈಯೂ ಸೋಪಿನ ಬಿಲ್ಲೆಯ ಹಾಗೆ ನುಣ್ಣಗಿತ್ತು. "ಇವತ್ತೇನೋ ಕೈಯಲ್ಲಿ ಬೇರೇನೇ ಇದೆ ನಿನಗೆ," ಎಂದು ಅಕ್ಕ ಬೆನ್ನು ತಟ್ಟಿದಳು. ಅವನು ಥ್ಯಾಂಕ್ಸ್ ಅಕ್ಕ ಎಂದ.

ಮನೆಯಲ್ಲಿ ಅವಳು ಕೆಲಸ ಸಿಕ್ಕಿತು ಎಂದಷ್ಟೇ ಹೇಳಿದಳು. ಆ ದಿನವೂ, ಮುಂದಿನ ಮೂರು ದಿನವೂ ಇಬ್ಬರೂ ಬೇಕಾದಷ್ಟು ಮಾತಾಡಿದರು: ಗ್ಯಾಸು, ತರಕಾರಿ, ಅವಳ ಬೆಳಗಿನ ಪಾಳಿ, ಅವನ ತಂಗಿಯ ಫೋನು. ಅವನು ಹುಬ್ಬುಗಳನ್ನು ಬಿಟ್ಟು ಅವಳ ಬಾಯಿ ನೋಡಿ ಮಾತಾಡಲು ಕಷ್ಟಪಟ್ಟು ಅಭ್ಯಾಸ ಮಾಡಿದ. ಅದು ಅವಳಿಗೆ ತಿಳಿಯುತ್ತಿತ್ತು. ಅವನು ಬಾಯಿಯ ಮೇಲೆ ಕಣ್ಣಿಟ್ಟ ಕೂಡಲೇ ಅವಳು ಮಾತು ನಿಲ್ಲಿಸಿ, ಅವನು ನೋಡಿ ಮುಗಿಸಲಿ ಎಂದು ಕಾಯುವವಳಂತೆ ನಿಲ್ಲುತ್ತಿದ್ದಳು. ಅವನಿಗೆ ಮಾತು ಮರೆತುಹೋಗುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಸ್ಟುಡಿಯೋಗೆ ಹೋಗಲು ನಿಂತಿದ್ದಾಗ ಬಂದ ಬಸ್ಸು ಅವಳದಾಗಿತ್ತು. ಯಾವ ದಾರಿ ಕೊಟ್ಟಿದ್ದಾರೆಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಹಿಂದೆ ಸರಿಯೋಣವೆಂದರೆ ಬೆನ್ನ ಹಿಂದೆ ಜನ. ತಳ್ಳಿಕೊಂಡು ಹಿಂಬಾಗಿಲಿಂದ ಹತ್ತಿಸಿಯೇಬಿಟ್ಟರು. ಕೊನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚಾಲಕರ ಸೀಟಿನ ಮೇಲೆ ಮೊಳದಗಲದ ಕನ್ನಡಿ, ಅದರಲ್ಲಿ ಅವಳ ಮುಖ. ಅವಳ ಕಣ್ಣು ಕನ್ನಡಿಗೆ ಬಂದು, ಬಸ್ಸಿನ ಒಂದೊಂದೇ ಸಾಲನ್ನು ಸವರಿ, ಅವನನ್ನೂ ಸವರಿ, ರಸ್ತೆಗೆ ಹೋಯಿತು. ಇಳಿಯುವುದು ಮುಂದಿನ ಬಾಗಿಲಿನಿಂದ. ಇಳಿಯುವವರೆಲ್ಲ ಅವಳ ಎಡ ಮಗ್ಗುಲಿನಿಂದಲೇ ಹಾದು ಹೋಗಬೇಕು. ಶಾಲೆಯ ಮಕ್ಕಳು ಹೋದರು, ಒಂದು ಮಗು ಅವಳನ್ನೇ ದಿಟ್ಟಿಸಿ ನೋಡಿ ಅಮ್ಮನಿಂದ ಎಳೆಸಿಕೊಂಡು ಹೋಯಿತು. ಮುದುಕರೊಬ್ಬರು "ಎಷ್ಟು ದಿನ ಆಯ್ತಮ್ಮಾ ನಿನ್ನ ನೋಡಿ" ಎಂದರು. ಅವಳು ಏನೋ ಅಂದದ್ದಕ್ಕೆ ಅವರು ಗಹಗಹಿಸಿ ನಕ್ಕರು. ಸ್ಟುಡಿಯೋದ ಸ್ಟಾಪು ಬಂತು. ಮೂವರು ಇಳಿದರು. ಅವನು ಎದ್ದು ನಿಲ್ಲಬೇಕೆಂದುಕೊಂಡ. ಹನ್ನೆರಡು ಸಾಲು ದಾಟಿ, ಅಷ್ಟು ಜನರೆದುರು, ಅವಳ ಪಕ್ಕಕ್ಕೆ ಬಂದು, ಮುಖ ನೋಡಿ ಇಳಿಯಬೇಕೋ ನೋಡದೆ ಇಳಿಯಬೇಕೋ ತೀರ್ಮಾನವಾಗಲಿಲ್ಲ. ಬಾಗಿಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದೇ ಇತ್ತು. "ಇಳಿಯೋರು ಇನ್ಯಾರಾದರೂ ಇದೀರಾ?" ಎಂದು ಅವಳು ಕನ್ನಡಿಯೊಳಗೆ ಕೇಳಿದಳು. ಅವನು ಕಿಟಕಿಯ ಕಡೆ ತಿರುಗಿದ. ಬಾಗಿಲು ಮುಚ್ಚಿತು.

ಆಮೇಲೆ ಬಂದ ಸ್ಟಾಪುಗಳು ಅವನಿಗೆ ಗೊತ್ತಿಲ್ಲದವು. ಗೋದಾಮುಗಳು, ಬೇಲಿ, ಕಟ್ಟುತ್ತಾ ಅರ್ಧಕ್ಕೆ ಬಿಟ್ಟ ಮನೆಗಳು. ಜನ ಕರಗುತ್ತಾ ಕರಗುತ್ತಾ ಕೊನೆಗೆ ಅವನೊಬ್ಬನೇ ಉಳಿದ. ಒಂದು ಗೋಡೆಯ ಎದುರು ಬಸ್ಸು ನಿಂತು ಇಂಜಿನ್ ಆರಿತು. ಅವಳು ಸೀಟಿನ ಕೆಳಗಿನಿಂದ ಬಾಟಲಿ ತೆಗೆದು ನೀರು ಕುಡಿದಳು. ಎಡ ಮೂಲೆಯಿಂದ ನೀರು ಗಲ್ಲಕ್ಕಿಳಿಯಿತು, ಅದನ್ನು ಮುಂಗೈಯಿಂದ ಒರೆಸಿಕೊಂಡಳು. ಬಾಟಲಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿದಳು.

"ಇಲ್ಲಿಂದ ಮುಂದಕ್ಕೆ ಹೋಗಲ್ಲ," ಎಂದಳು, ಎಲ್ಲ ಪ್ರಯಾಣಿಕರಿಗೂ ಹೇಳುವ ದನಿಯಲ್ಲಿ. "ಮುಂದಿನಿಂದ ಇಳೀರಿ."

ಅವನು ಎದ್ದ. ಒಂದೊಂದೇ ಸೀಟಿನ ಸರಳು ಹಿಡಿದುಕೊಂಡು, ಓಡುತ್ತಿರುವ ಬಸ್ಸಿನಲ್ಲಿ ನಡೆಯುವವನ ಹಾಗೆ ತೂರಾಡುತ್ತಾ, ಖಾಲಿ ಸಾಲುಗಳ ನಡುವೆ ಮುಂದಕ್ಕೆ ಬಂದು ಅವಳ ಪಕ್ಕ ನಿಂತ. ಅವಳು ಎದುರಿನ ಗೋಡೆಯನ್ನು ನೋಡುತ್ತಾ ಕೂತಿದ್ದಳು. ಬಾಗಿಲು ಇನ್ನೂ ಮುಚ್ಚಿತ್ತು. ತೆರೆಯುವ ಗುಂಡಿಯ ಮೇಲೆ ಅವಳ ಬೆರಳಿತ್ತು, ಒತ್ತಿರಲಿಲ್ಲ.